ಮೂವತ್ತೆರಡು

ಮಂಡಕ್ಕಿ ಭಟ್ಟಿಯ ಹೊಗೆ ನನ್ನ ಅಂಗಡಿ ತನಕ ಬರುತ್ತದೆ.
ಭೂತಗನ್ನಡಿ ಒರೆಸುತ್ತ ಕೂತಿದ್ದೆ.
ಮೊದಲ ಗಿರಾಕಿ ಹಾಲೇಶಿ,
ಗಡಿಯಾರ ಕಂಬದ ಹಿಂದಿನ ಟೈಲರ್.
ಹುಟ್ಟಿದಾಗಿನಿಂದ ಕಿವಿಯಿಲ್ಲ, ಮಾತಿಲ್ಲ.
ಫೋನು ಮೇಜಿನ ಮೇಲಿಟ್ಟು
ಮೂರು ಬೆರಳೆತ್ತಿದ, ಆಮೇಲೆ ಎರಡು,
ಆಮೇಲೆ ಮುಷ್ಟಿ ಬಿಚ್ಚಿ ಗಾಳಿಗೆ ಊದಿದ:
ಮೂವತ್ತೆರಡು ತೋರಿಸ್ತಿತ್ತು, ಹೋಯ್ತು.

ಹೆಂಡತಿ ಹರಿಹರದಲ್ಲಿ, ತವರಲ್ಲಿ, ಬಾಣಂತಿ.
ರಾತ್ರಿ ಗೋಡೆಗೆ ಫೋನು ಒರಗಿಸಿ
ಇಬ್ಬರೂ ಕೈಯಲ್ಲಿ ಮಾತಾಡುತ್ತಾರೆ.
ನಿನ್ನೆ ಅವಳ ಕೈ ಎದೆಮಟ್ಟ ಏರಿತ್ತಂತೆ.
ಮಗುವಿನ ಹೆಸರೋ, ಜ್ವರವೋ,
ಪರದೆ ಕಪ್ಪಾಯಿತು.

ಹೇಗೆ ಹೇಳಲಿ ಇವನಿಗೆ,
ಆ ಅಂಕಿ ಯಾರೂ ಕಣ್ಣಾರೆ ಕಂಡದ್ದಲ್ಲ.
ನಮ್ಮಮ್ಮ ಸೀಮೆಎಣ್ಣೆ ಡಬ್ಬಿಗೆ ಕಸಬರಿಗೆ ಕಡ್ಡಿ ಅದ್ದಿ
ಒದ್ದೆಯಾದಷ್ಟನ್ನು ಬೆರಳಲ್ಲಿ ಅಳೆಯುತ್ತಿದ್ದಳು;
ಇದರೊಳಗೆ ಕಡ್ಡಿ ಇಳಿಯದು.
ಒಂದು ಪುಟಾಣಿ ಚಿಪ್ ಬಾಗಿಲಲ್ಲಿ ನಿಂತು
ಹತ್ತಿದವರೆಷ್ಟು, ಇಳಿದವರೆಷ್ಟು ಎಣಿಸುತ್ತದೆ,
ಜಗಳೂರು ಬಸ್ಸಿನ ಕಂಡಕ್ಟರ್ ಥರ.
ನೂಕುನುಗ್ಗಲಲ್ಲಿ ಒಂದೆರಡು ತಪ್ಪುತ್ತದೆ,
ನಿನ್ನೆಯ ತಪ್ಪಿನ ಮೇಲೆ ಇವತ್ತಿನದು ಕೂರುತ್ತದೆ.
ಅದೂ ಅಲ್ಲದೆ ಬಸ್ಸೇ ವರ್ಷವರ್ಷ ಕುಗ್ಗಿರುತ್ತದೆ:
ಐವತ್ತು ಸೀಟು ಮೂವತ್ತಕ್ಕೆ ಇಳಿದರೂ
ಅವನ ಲೆಕ್ಕ ಐವತ್ತರದ್ದೇ.

ಇಷ್ಟಕ್ಕೆಲ್ಲ ನನ್ನ ಕೈಯಲ್ಲಿ ಸನ್ನೆಯಿಲ್ಲ.
ಹಿಂಬದಿ ಬಿಚ್ಚಿದೆ. ಬ್ಯಾಟರಿ ಉಬ್ಬಿತ್ತು,
ಬಿಸಿ ಮರಳಿಗೆ ಬಿದ್ದ ಅಕ್ಕಿಯ ಹಾಗೆ.
ಎದುರು ಭಟ್ಟಿಯಿಂದ ಒಂದು ಹಿಡಿ ಮಂಡಕ್ಕಿ ತಂದು
ಪಕ್ಕದಲ್ಲಿ ಸುರಿದೆ:
ನೋಡು, ಸೇರು ತುಂಬುತ್ತದೆ,
ತಕ್ಕಡಿ ಏಳುವುದಿಲ್ಲ.
ನೋಡಿದ. ನಕ್ಕ.
ಒಂದೊಂದೇ ಆರಿಸಿ ತಿಂದ.

ಹೊಸದು ಹಾಕಿ ಚೀಟಿ ಬರೆದೆ:
ಒಂದು ಸಲ ಪೂರ್ತಿ ಆರಲು ಬಿಡು,
ಆಮೇಲೆ ನಡುವೆ ಕೀಳದೆ ಪೂರ್ತಿ ತುಂಬು.
ತನ್ನ ತಳ ಎಲ್ಲಿ, ಕಂಠ ಎಲ್ಲಿ
ಅದಕ್ಕೆ ಆಗ ತಿಳಿಯುತ್ತದೆ.

ಓದಿದ. ತಲೆಯಾಡಿಸಲಿಲ್ಲ.
ಪೆನ್ಸಿಲ್ ಇಸಿದುಕೊಂಡು
ಬಟ್ಟೆಯ ಮೇಲೆ ಗುರುತು ಹಾಕುವಷ್ಟು ಹಗುರವಾಗಿ
ಕೆಳಗೆ ಬರೆದ:
ಆರಿದ ಹೊತ್ತಿಗೇ ಅವಳು ಕರೆದರೆ?

ನನ್ನ ಫೋನು ಮುಂದಿಟ್ಟೆ, ಇದು ಇಟ್ಟುಕೋ ಎಂದು.
ಮೂಲೆಯಲ್ಲಿದ್ದ ಅಂಕಿ ನೋಡಿದ, ಹದಿನೇಳು.
ನನ್ನ ಮುಖ ನೋಡಿದ.
ಬಾಗಿ ಗೋಡೆಯ ಚಾರ್ಜರ್ ಎಳೆದು
ತಾನೇ ಸಿಕ್ಕಿಸಿ
ಸ್ಟೂಲಿನ ಮೇಲೆ ಕೂತ.