ಟವೆಲಿನ ಕೆಳಗೆ

ರಾಯಚೂರು ಕೋರ್ಟಿನ ವರಾಂಡದಲ್ಲಿ
ಎರಡು ತಾಸಿನಿಂದ
ಜಂಬಣ್ಣನ ಕೈ ನನ್ನ ಕೈಯೊಳಗೆ.

ಒಂದೇ ಮಾತು: “ನಾ ಮಾರಿಲ್ರೀ, ಕೊಂಡಿಲ್ರೀ,
ಸೇಂದಿಗೆ ಹಾಕೋ ಆ ಪುಡಿ ಕಣ್ಣಿಲೆ ನೋಡಿಲ್ಲ.
ಇವರ ನಂಬರು ಅವರಿಗೆ, ಅವರ ನಂಬರು ಇವರಿಗೆ.
ಗಂಜಿನ್ಯಾಗ ಹತ್ತಿಗೆ ಮಾಡಿದ್ದೂ ಅದೇ ಅಲ್ರೀ?
ದಲಾಲಿಗೆ ಯಾರರ ಬೇಡಿ ಹಾಕ್ತಾರೇನು?”

ಒಳಗೆ ವಕೀಲರೂ ಅದನ್ನೇ
ಉದ್ದ ಮಾಡಿ ಹೇಳುತ್ತಿದ್ದರು.

“ಎಷ್ಟು ಸಿಕ್ತು?” ಅಂದೆ, ಹೊತ್ತು ಹೋಗಲೆಂದು.
ಬಾಯಿ ಬಿಡಲಿಲ್ಲ.
ಹೆಗಲ ಟವೆಲು ಜಾರಿ ಇಬ್ಬರ ಕೈ ಮುಚ್ಚಿತು.
ನನ್ನ ಒಂದು ಬೆರಳು ಹಿಡಿದ, ಬಿಟ್ಟ,
ಆಮೇಲೆ ಐದೂ ಹಿಡಿದು ಒತ್ತಿದ.
ರೂಢಿ. ಅವನಿಗೇ ಗೊತ್ತಾಗಿರಲಿಕ್ಕಿಲ್ಲ.

ನಮ್ಮಪ್ಪ ಅದೇ ಗಂಜಿನ ಹಮಾಲ.
ಉಂಡು ಕೂತಾಗ
ಪಂಚೆಯ ಚುಂಗು ಹೊದಿಸಿ
ಈ ಲೆಕ್ಕ ಕಲಿಸಿದ್ದ.

ಸಾವಿರದ ಐನೂರು.
ಚೀಲಕ್ಕೆ.

ಪೊಲೀಸನ ಮುಂದೆ ಒಪ್ಪಿದ್ದು ಸಾಕ್ಷಿಯಲ್ಲವಂತೆ.
ಬೆರಳು ಒಪ್ಪಿದ್ದು?

ಹೊಳೆದಂಡೆಯ ಸೇಂದಿ ಅಂಗಡಿ ಮುಂದೆ
ಎದ್ದೇಳದೆ ಮಲಗಿದ್ದ ಬಾಲಮ್ಮನ ಮುಷ್ಟಿ
ಬಿಡಿಸಿದವನೂ ನಾನೇ.
ಎರಡು ಐದರ ನಾಣ್ಯ,
ಒಂದು ಎಲೆಯಡಿಕೆ ಚೂರು.

ಹೆಸರು ಕೂಗಿದರು.
ಟವೆಲು ಎತ್ತಿ ಅವನ ಹೆಗಲಿಗೇ ಹಾಕಿದೆ.
ಬೆರಳು ಇನ್ನೂ ನೋಯುತ್ತಿತ್ತು.