ಇನ್ನೂರ ನಾಕನೇ ಸರದಿ

ಹಂಡೆದ ನೀರು ಕುದಿಯೂತನಕ ಕೈಗೆ ಕೆಲಸಿಲ್ಲ.
ಅಣ್ಣನ ಮಗ ಸಮರ್ಥನ ಕಂಪ್ಯೂಟರಿನ್ಯಾಗ
ಒಂದು ರಾಜ್ಯ ಕಟ್ಟೀನಿ. ಹೆಸರು ಬೆಟಗೇರಿ,
ಬ್ಯಾರೆ ಹೆಸರು ತೋಚಲಿಲ್ಲ.
ನಾಕು ಸಾವಿರ ವರ್ಷದ ಹಿಂದ ಹೊಳಿ ದಂಡಿಗೆ
ಒಬ್ಬ ಕುರುಬ, ಒಂದು ಡೇರೆ, ಒಂದು ಕೊಡಲಿ;
ಈಗ ರೈಲು ಐತಿ, ಬ್ಯಾಂಕು ಐತಿ,
ಹನ್ನೊಂದು ಗಿರಣಿ ಚಿಮಣಿ ಎತ್ತಿ ನಿಂತಾವ.

ಇನ್ನೂರ ನಾಕನೇ ಸರದಿಗೆ ಮಂತ್ರಿ ಬಂದ,
ಪರದೆಯ ಮೂಲ್ಯಾಗ ಪೇಟಾ ಸುತ್ತಿದ ಸಣ್ಣ ಮುಖ:
"ಪ್ರಭೂ, ಪ್ರಜೆಗಳು ಕೆಮ್ಮುತ್ತಿದ್ದಾರೆ."
ಪ್ರಭು ಅಂದ್ರ ನಾನು, ದಾಕ್ಷಾಯಣಿ ನೀಲಗಾರ,
ಮೊಣಕೈತನಕ ನೀಲಿ.

ಹೊಳಿ ಅಂಚಿನ ಚೌಕ ಕಂದಾಗ್ಯಾವ,
ಮೀನಿನ ಗುರುತು ಅಳಿಸಿ ಹೋಗೇತಿ.
ಮೂರು ಫರ್ಮಾನು ಮುಂದಿಟ್ಟು, ಒಂದು ಆರಿಸು ಅಂತಾನ.
ಗಿರಣಿ ತಮ್ಮಷ್ಟಕ್ಕ ತಾವು ಓಡಲಿ ಅನ್ನೂದೊಂದು,
ಖಜಾನೆಗೆ ಹೊನ್ನು, ಕೆಮ್ಮು ದೇವರಿಗೆ ಬಿಟ್ಟದ್ದು.
ಇನ್ನೊಂದು ತೆರಿಗೆ. ಹೊಗಿಗಿಷ್ಟು, ಕೊಳಚಿಗಿಷ್ಟು.
ಅದನ್ನ ನೂರಾ ಎಂಬತ್ತಕ್ಕ ಹಾಕಿ ನೋಡೀನಿ:
ದೊಡ್ಡ ಗಿರಣಿ ರೊಕ್ಕಾ ಕಟ್ಟಿ ಕೈ ತೊಳಕೊಂಡ್ವು,
ಸಣ್ಣವು ಬಾಗಲಾ ಹಾಕಿದ್ವು,
ತೊಳದ ಕೈ ನೀರೂ ಹೊಳಿಗೇ ಹೋತು.

ಕಡೇದರ ಮ್ಯಾಲ ಹಸಿರು ಎಲಿ ಚಿತ್ರ.
ನೀರಿಗೆ ಬಣ್ಣ ಬಿಡೂ ಮನಿ ಎಲ್ಲಾ ಮುಚ್ಚು.
ಹತ್ತು ಸರದಿ ಜನಾ ಬೈತಾರ, ಆಮ್ಯಾಲ ಮೀನು ಬರ್ತಾವ.
ಒತ್ತೂದು ಒಂದ ಗುಂಡಿ.

ಅದ ನಕಾಶಿಯೊಳಗ, ಹೊಳಿ ಬಾಜೂಕ,
ಕಿರುಬೆರಳ ಉಗುರಷ್ಟು ಒಂದು ಮನಿ ಐತಿ.
ಚಿಮಣಿ ಇಲ್ಲ, ಹಿತ್ತಲದಾಗ ಸುಮ್ನ ಆವಿ.
ಯಾವ ದೇಶದಾಗ ಕುಂತು ಯಾರು ಬರದರೋ,
ಹಗ್ಗದ ಮ್ಯಾಲ ನೂಲಿನ ಲಡಿ ಸೈತ ಬಿಡಿಸ್ಯಾರ.
ಒಳಗೊಬ್ಬಾಕಿ ಇರಬೇಕು.
ಆಕಿಗೂ ಲಡಿ ಹಿಂಡಾಕ ಒಬ್ಬ ಖಾತೂನಬಿ ಇರಬೇಕು,
ಶನಿವಾರ ಸಂಜಿ ಪಗಾರ ಕೊಡಬೇಕು.

ನಮ್ಮ ಓಣಿ ಗಟಾರ ಇದ್ದ ಮ್ಯಾಲ ಪಂಚಾಂಗ ಬ್ಯಾಡ.
ಸೋಮವಾರ ನೀಲಿ, ಬುಧವಾರ ಅರಿಷಿಣ,
ಸೆರಗಿನ ನೂಲಿಗೆ ಶುಕ್ರವಾರ ಕೆಂಪು.
ಎದರಮನಿ ವಿಠ್ಠಲಸಾ ಬಾಕಳೆ, ಕಣ್ಣು ಮಂಜು,
ಕಟ್ಟಿ ಮ್ಯಾಲಿಂದ ಬಗ್ಗಿ ನೋಡಿ ವಾರ ಹೇಳ್ತಾರ.
ಒಮ್ಮೆನೂ ತಪ್ಪಿಲ್ಲ. ನಗತೀವಿ.
ಆ ನೀರು ಎಲ್ಲಿಗೆ ಹೋಗತೈತಿ ಅಂತ
ಅವರೂ ಹೇಳಿಲ್ಲ, ನಾವೂ ಕೇಳಿಲ್ಲ.

ಇನ್ನೂ ಐವತ್ತು ಸರದಿ ಹೋದರ
ಗಾಳಿಗಂಬದ ವಿದ್ಯೆ ಸಿಗತೈತಂತ ಆಟದಾಗ.
ಇಲ್ಲೆ ಮಾಳಿಗಿ ಹತ್ತಿದರ ಕಪ್ಪತಗುಡ್ಡದ ಕಡೆ
ಆಗಲೇ ತಿರಗಾಕತ್ತಾವ, ಕೆಂಪು ದೀಪ ಮಿಣಮಿಣ.
ಆ ಲೆಕ್ಕಕ್ಕ ನಾವು ಒಂದು ಯುಗ ಮುಂದ,
ಗಟಾರ ಒಂದ ಹಿಂದ ಉಳದೇತಿ.

ಹಂಡೆ ಕುದಿ ಬಂತು. ಗುಂಡಿ ಒತ್ತದ ಎದ್ದೆ.

ಆ ರಾತ್ರಿ ಮೂರನೇ ಜಾಲಾಟದ ನೀರು
ಚೆಲ್ಲಾಕ ಹೋದಾಕಿ ಕೊಡ ಹಿಡದು ನಿಂತೆ.
ತಳ ಕಾಣಸ್ತಿತ್ತು. ಬೆಳಗಿನ ಬಾನಿನಷ್ಟ ನೀಲಿ.
"ನಾಳಿನ ಮೊದಲನೇ ಜಾಲಾಟಕ್ಕ ಇದ ನಡದೀತಲ್ಲ?"
ಖಾತೂನಬಿ ಬಾಯಾಗಿನ ಅಡಕಿ ಅತ್ಲಾಗ ಸರಿಸಿ,
"ನಡೀತೈತಿ. ನಮ್ಮವ್ವ ಹಂಗ ಮಾಡ್ತಿದ್ಲು,
ನಳ ಬಂದ ಮ್ಯಾಲ ಬಿಟ್ವಿ," ಅಂದಳು.

ಎರಡು ಬ್ಯಾರಲ್ಲು ಕೊಂಡು ಹಿತ್ತಲದಾಗ ಇಟ್ಟೀವಿ.
ತಿಳಿ ನೀರು ಕಡು ನೀರಿಗೆ ದಾರಿ ಕಾಯತೈತಿ.
ಮೊದಲನೇ ಜಾಲಾಟದ್ದಕ್ಕ ಇನ್ನೂ ಉಪಾಯ ಹೊಳದಿಲ್ಲ,
ಅದು ಹೋಗೂದ ಹೋಗತೈತಿ, ನಾಚಿಕಿಲ್ಲದಂಗ.
ಇಂಥಾ ಫರ್ಮಾನು ಪಟ್ಟಿಯೊಳಗ ಐತೇನು ಅಂತ
ಸಮರ್ಥ ಹುಡುಕಿದ, ಸಿಗಲಿಲ್ಲ.
"ಅತ್ತಿ, ಇದರಿಂದ ಎಷ್ಟು ಅಂಕ ಬರ್ತಾವ?"
ಮಂತ್ರಿ ಅಲ್ಲೆ ನಿಂತಾನ, ಕಣ್ಣು ಮಿಟುಕಿಸಿಗೋತ.

ಮೊನ್ನೆ ಸೋಮವಾರ ವಿಠ್ಠಲಸಾ ಬಗ್ಗಿ ನೋಡಿದರು,
ಕನ್ನಡಕ ಒರಿಸಿಗೊಂಡು ಮತ್ತ ಬಗ್ಗಿದರು:
"ದಾಕ್ಷಾಯಣವ್ವಾ,
ಇವತ್ತೇನು ಸೋಮವಾರೋ, ಐತವಾರೋ?"