ಸ್ಲೋನ್

ಮಾನಸಗಂಗೋತ್ರಿಯಲ್ಲಿ ಸಂಜೆ ಐದೂವರೆಗೆ ರಷ್ಯನ್ ತರಗತಿ.
ನಾವು ಏಳು ಜನ, ಒಂದು ಕೆಟ್ಟ ಫ್ಯಾನು.
ಸುಕನ್ಯಾ ಮೇಡಂ ಬರೆದರು: ಸ್ಲೋನ್. ಆನೆ.
ತುರ್ಕಿಯವರ ಸಿಂಹ, ಆರ್ಸ್ಲಾನ್;
ಎರಡನ್ನೂ ಕಾಣದ ಹಿಮದ ನಾಡಿನವರು
ತಪ್ಪಿ ಇದಕ್ಕಿಟ್ಟರಂತೆ.
ಅಲ್ಲ, ‘ಒರಗು’ ಅನ್ನುವ ಮಾತಿಂದ ಬಂತು
ಅನ್ನುವವರೂ ಇದ್ದಾರೆ:
ಮಂಡಿಯಿಲ್ಲದ ಮೃಗ, ಮರಕ್ಕೊರಗಿಯೇ ನಿದ್ದೆ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ.
ಮೂವತ್ತೊಂದು ವರ್ಷ ಕಾವಾಡಿ.
ಬೀಡಿ ಆರಿಹೋಗುವಷ್ಟು ನಕ್ಕ.
“ಮಂಡಿ ಇಲ್ವಾ? ಮತ್ತೆ ನಾನು ಕಾಲಿಟ್ಟು ಹತ್ತಿದ್ದು ಏನನ್ನ?
ಗುಡ್ಡೆ ಹಂಗೆ ಬಿದ್ಕೊಂಡು ಗೊರಕೆ ಹೊಡೆಯೋಳು ನೀಲವೇಣಿ.”

ಆಮೇಲೆ ಕಡ್ಡಿ ಗೀರಿದವನು
ಬೀಡಿಗೆ ಹಚ್ಚಲೇ ಇಲ್ಲ.
“ಕೊನೇ ವರ್ಷ ಮಾತ್ರ ಮಲಗ್ಲಿಲ್ಲ ಕಣವ್ವ.
ಮಲಗಿದ್ರೆ ಏಳಲ್ಲ ಅಂತ ಗೊತ್ತಿತ್ತು ಅವಳಿಗೆ.
ಹುಣಸೇಮರಕ್ಕೆ ಆನ್ಕೊಂಡು ನಿಲ್ಲೋಳು ರಾತ್ರಿಯೆಲ್ಲ.
ಅವಳಿಗೆ ಆನ್ಕೊಂಡು ನಾನು.”

ಆನು: ಹಳಗನ್ನಡದಲ್ಲಿ ಒರಗು, ಹೊರು.
ನಾನು ಅಂತಲೂ.
ಆನೆಗೆ ಇದು ಸೇರದು ಅಂದಾರು ಬಲ್ಲವರು,
ಅನ್ನಲಿ.

ಆ ಹುಣಸೇಮರ ಇನ್ನೂ ಇದೆ.
ಒಂದು ಮಗ್ಗುಲ ತೊಗಟೆ ಸವೆದು ನುಣ್ಣಗೆ,
ನಾನು ತುದಿಗಾಲಲ್ಲಿ ನಿಂತರೂ
ಎಟುಕದಷ್ಟು ಮೇಲಕ್ಕೆ.